ಕೊಯ್ದು ನೋಡಿದ ರೆಕ್ಕೆ

ಪುಣೆ
೧೨ ನವೆಂಬರ್ ೧೯೪೬

ಧರ್ಯಾ,

ನೀನು ಬೆಳಗಲಿಗೆ ಹೋಗಿ ಮೂರು ತಿಂಗಳಾಗುತ್ತ ಬಂತು. ಹೆಂಡತಿ ಸಿದ್ದಕ್ಕನ ಮುಖ ನೋಡಿದ ಮೇಲೆ ಪುಣೆ ಮರೆತೇಹೋಯಿತೋ, ಇಲ್ಲಾ ನಿಮ್ಮಪ್ಪನ ಕುರಿಗಳು ನಿನ್ನನ್ನು ಬಿಡುತ್ತಿಲ್ಲವೋ? ಧಣಿ ದಸ್ತೂರ ಸಾಹೇಬರು ಕಾರ್ಖಾನೆಗೆ ಬಂದಾಗಲೆಲ್ಲ "ನಮ್ಮ ಪೈಲಟ್ ಎಲ್ಲಿ?" ಎನ್ನುತ್ತಾರೆ. ನಾನು ಏನೋ ಒಂದು ಹೇಳಿ ಜಾರಿಕೊಳ್ಳುತ್ತೇನೆ.

ನಮ್ಮ ಗ್ಲೈಡರಿಗೆ ರೂಪ ಬಂದಿದೆ. ಎಡ ರೆಕ್ಕೆ ಮುಗಿಯಿತು, ಬಲದ್ದು ನಡೆದಿದೆ. ಸಂಕ್ರಮಣ ಕಳೆದ ಮೇಲೆ ಮೊದಲ ಹಾರಾಟ, ಹಾರಿಸುವವನು ನೀನೇ. ಅದು ನೆಟ್ಟಗಾದರೆ ಸಾಹೇಬರು ಇಲ್ಲಿ ಹಾರಾಟದ ಶಾಲೆ ತೆಗೆಯುತ್ತಾರೆ, ಅದಕ್ಕೆ ನೀನೇ ಮಾಸ್ತರ. ಇರಲು ಮನೆಯನ್ನೂ ಕೊಡುತ್ತಾರಂತೆ. ಈ ಸಲ ಸಿದ್ದಕ್ಕನನ್ನು ಕರೆದುಕೊಂಡೇ ಬಾ.

ಇಲ್ಲಿ ನನ್ನದೊಂದು ಜಗಳ ಹತ್ತಿದೆ. ರೆಕ್ಕೆಯ ಮುಂಭಾಗ ನೀನು ಬಲ್ಲೆ, ತೆಳು ಪ್ಲೈವುಡ್ಡಿನ ಪೆಟ್ಟಿಗೆ. ಒಳಗೆ ಉದ್ದಕ್ಕೊಂದು ತೊಲೆ, ಅಡ್ಡಕ್ಕೆ ಪಕ್ಕೆಲುಬುಗಳು, ಎಲ್ಲವನ್ನೂ ಹಿಡಿದಿರುವುದು ಅಂಟು. ಹೊದಿಕೆ ಮುಚ್ಚಿತೆಂದರೆ ಒಳಗೆ ಅಂಟು ಹಿಡಿಯಿತೋ ಬಿಟ್ಟಿತೋ ನೋಡಲು ದಾರಿಯಿಲ್ಲ. ಒಡೆದೇ ನೋಡಬೇಕು, ಒಡೆದರೆ ರೆಕ್ಕೆ ಉಳಿಯುವುದಿಲ್ಲ. ಅಲ್ಲಲ್ಲಿ ಕಿಂಡಿ ಬಿಟ್ಟು ಮುಚ್ಚಳ ಹಾಕೋಣ ಎಂದು ನಕ್ಷೆ ಬರೆದುಕೊಟ್ಟೆ. ಸಾಹೇಬರು ನಕ್ಷೆ ನೋಡಿ ನಕ್ಕರು. ಕಿಂಡಿಯ ಸುತ್ತ ಬಲಕ್ಕೆ ಬಳೆ ಬೇಕು, ಬಳೆಯ ಮೇಲೆ ಮುಚ್ಚಳ ಬೇಕು, ಎಲ್ಲ ಸೇರಿ ಭಾರ. "ಹಕ್ಕಿಯ ರೆಕ್ಕೆಗೆ ಯಾರಾದರೂ ಕಿಟಕಿ ಇಟ್ಟಿದ್ದಾರೆಯೇ?" ಎಂದರು. ಸುತ್ತ ನಿಂತವರೂ ನಕ್ಕರು. ನಾನು ನಕ್ಷೆ ಸುತ್ತಿಕೊಂಡು ಬಂದೆ.

ಅವ್ವನ ನೆನಪಾಯಿತು. ಜಮಖಂಡಿಯ ಶಾಲೆಯಿಂದ ಶನಿವಾರ ನಾವಿಬ್ಬರೂ ನಡೆದು ತೇರದಾಳದ ನಮ್ಮ ಮನೆ ಮುಟ್ಟುವ ಹೊತ್ತಿಗೆ ಹಸಿವು ನಿನ್ನ ಹೊಟ್ಟೆಯನ್ನು ಸುಡುತ್ತಿರುತ್ತಿತ್ತು. ಅವ್ವ ಮಾತ್ರ ಒಂದೊಂದೇ ಬದನೆಕಾಯಿ ಸೀಳಿ, ಬೆಳಕಿಗೆ ಹಿಡಿದು ನೋಡಿ, ಆಮೇಲೆ ಬೋಗುಣಿಗೆ ಹಾಕುತ್ತಿದ್ದಳು. ನೀನು ಗೊಣಗಿದರೆ, "ಒಳಗ ಜೀವ ಐತೋ ಇಲ್ಲೋ ನೋಡದ ಹ್ಯಾಂಗ ಒಲಿ ಮ್ಯಾಲ ಇಡೂದೋ ತಮ್ಮಾ?" ಎನ್ನುವಳು. ಜೈನರ ಮನೆ, ಹೊತ್ತು ಮುಳುಗುವುದರೊಳಗೆ ನಮ್ಮೆಲ್ಲರ ಊಟ ಮುಗಿಯುತ್ತಿತ್ತು. ರಾತ್ರಿ ನಿನಗೆ ಮತ್ತೆ ಹಸಿವಾಗಿ, ನಿಮ್ಮವ್ವ ಕಟ್ಟಿಕೊಟ್ಟ ರೊಟ್ಟಿಯನ್ನು ಕಂಬಳಿಯೊಳಗೆ ಕಟುಂ ಕಟುಂ ಎನಿಸುತ್ತಿದ್ದೆ. ಅವ್ವನಿಗೆ ಅದು ಕೇಳಿಸುತ್ತಿತ್ತು, ಗೊತ್ತೇ?

ಬೇಗ ಬಾ.
ನಿನ್ನ ಭೂಪಾಲ

•

ರನ್ನ ಬೆಳಗಲಿ
೨೬ ನವೆಂಬರ್ ೧೯೪೬

ಭೂಪ್ಯಾ,

ನಿನ್ನ ಪತ್ರ ಬಂದಾಗ ಕುರಿಯ ಉಣ್ಣೆ ಕತ್ತರಿಸುತ್ತ ಕುಳಿತಿದ್ದೆ. ಓದಿದ ಮೇಲೆ ಕತ್ತರಿ ಕೆಳಗಿಟ್ಟವನು ಮತ್ತೆ ಹಿಡಿಯಲಿಲ್ಲ. ಅರ್ಧ ಬೋಳಾದ ಕುರಿ ಅಂಗಳದ ತುಂಬ ಓಡಾಡಿತು. ಅಪ್ಪ ಬೈದ.

ಅಪ್ಪನಿಗೆ ಸುದ್ದಿ ಹೇಳಿದೆ. ನಮ್ಮಿಬ್ಬರ ಮಾತು ಹೀಗೆ ನಡೆಯಿತು:

"ಅದಕ್ಕ ಎಂಜಿನ್ನ ಐತೇನು?"
"ಇಲ್ಲಪಾ. ಗುಡ್ಡದ ಮ್ಯಾಲಿಂದ ರಬ್ಬರ ಹಗ್ಗ ಹಚ್ಚಿ ಮಂದಿ ಜಗ್ಗಿ ಬಿಡ್ತಾರ. ಮುಂದ ಗಾಳಿನ ಹೊತಗೊಂಡ ಹೋಗ್ತೈತಿ."
"ಕಬ್ಬಿಣದ್ದೇನು?"
"ಕಟಗಿ, ಬಟ್ಟಿ, ಅಂಟು."
"ಹಂಗಾರ ಗಟ್ಟಿ ಅನ್ನೂದು ಏನೈತ್ಯೋ ಅದರಾಗ?"
"ನಾ ಇರ್ತೇನಲ್ಲಪಾ."

ಅಪ್ಪ ಎದ್ದು ಕುರಿ ಹಿಡಿಯಲು ಹೋದ. ಗಿರಮಲ್ಲಪ್ಪನ ಮಗ ಗಾಳಿಯಲ್ಲಿ ಹಾರುತ್ತಾನೆಂದು ಈಗ ಬಿಳಗಿಯ ತನಕ ಹಟ್ಟಿಹಟ್ಟಿಗೆ ಅವನೇ ಹೇಳಿಕೊಂಡು ಬಂದಿದ್ದಾನೆ.

ಭೂಪ್ಯಾ, ನಿನಗೊಬ್ಬನಿಗೇ ಹೇಳುತ್ತೇನೆ. ಯುದ್ಧದ ವರ್ಷಗಳಲ್ಲೆಲ್ಲ ಇನ್ನೊಬ್ಬರು ಹಾರುವ ವಿಮಾನಕ್ಕೆ ಬೋಲ್ಟು ಬಿಗಿದೆ. ಅವರು ಏರುತ್ತಿದ್ದರು, ನಾನು ಕೆಳಗೆ ನಿಂತು ಕೈ ಒರೆಸಿಕೊಳ್ಳುತ್ತಿದ್ದೆ. ಕೊನೆಗೆ ಒಬ್ಬ ಪುಣ್ಯಾತ್ಮ ಅಧಿಕಾರಿ ಗ್ಲೈಡರ್ ಹಾರಿಸಲು ಕಲಿಸಿದ. ಜಮಖಂಡಿಯ ಗುಡ್ಡದ ಮೇಲೆ ಮಲಗಿ ನಾವು ಹದ್ದು ನೋಡುತ್ತಿದ್ದೆವಲ್ಲ, ರೆಕ್ಕೆ ಬಡಿಯದೆ ಮೇಲೇರುವುದು ಹೇಗೆ ಎಂದು ನೀನು ಮಾಸ್ತರರನ್ನು ಕೇಳಿ ಪೆಟ್ಟು ತಿಂದಿದ್ದೆಯಲ್ಲ? ಅದು ಹೇಗೆಂದು ನನ್ನ ಮೈಗೆ ಈಗ ಗೊತ್ತು. ಈ ಒಂದು ಕೆಲಸ ನನಗೆ ಬೇಕು. ಇದು ತಪ್ಪಿದರೆ ನಾನು ಮತ್ತೆ ಕುರಿಯ ಹಿಂದೆ, ಅಷ್ಟೇ.

ಕಿಂಡಿ ಗಿಂಡಿ ಬಿಡು. ನೀನೂ ನಿಮ್ಮವ್ವನೂ ಒಂದೇ. ರೆಕ್ಕೆ ನಿನ್ನ ಕೈಯದು, ನನಗೆ ಅಷ್ಟು ಸಾಕು.

ಸಿದ್ದಕ್ಕನಿಗೆ ದಿನ ಹೋಗಿವೆ, ಬಸುರಿ. ಆದರೂ ಬರುತ್ತಾಳಂತೆ. ಬೇಡವೆಂದರೆ ಕೇಳುವ ಜಾತಿಯಲ್ಲ.

ಧರೆಪ್ಪ

•

ಪುಣೆ
೯ ಫೆಬ್ರುವರಿ ೧೯೪೭

ಧರೆಪ್ಪಾ,

ಸ್ಟೇಶನ್ನಿಗೆ ಓಡಿ ಬಂದೆ. ಗಾಡಿ ಹೊರಟುಹೋಗಿತ್ತು. ಗುಡ್ಡದ ಮೇಲೆ ನೀನೂ ಇದ್ದೆ, ಎಲ್ಲವನ್ನೂ ಕಣ್ಣಾರೆ ನೋಡಿದೆ. ಆದರೂ ನನ್ನ ಕಡೆಯಿಂದ ಒಮ್ಮೆ ಕೇಳು.

ಬಲ ರೆಕ್ಕೆಯ ಹೊದಿಕೆ ಮುಚ್ಚಿದ್ದು ಒಂದು ಸಂಜೆ. ಹೊತ್ತು ಇಳಿಯುತ್ತಿತ್ತು, ನಾನು ಎಂದಿನಂತೆ ಊಟಕ್ಕೆ ಹೋದೆ. ಬೆಳಿಗ್ಗೆ ಬಂದಾಗ ಬಡಿಗ ಮುರಗೆಪ್ಪ ಮುಚ್ಚಿ ಮುಗಿಸಿದ್ದ. "ಎಲ್ಲಾ ಚೊಕ್ಕ ಆಗೇತ್ರಿ" ಎಂದ. ಅವನ ಕೆಲಸದಲ್ಲಿ ನನಗೆ ಅನುಮಾನವಿಲ್ಲ. ಆದರೆ ಒಳಗಿನದನ್ನು ನಾನು ನೋಡಿರಲಿಲ್ಲ.

ಹಾರಾಟದ ದಿನ ಬೆಳಿಗ್ಗೆ, ರೆಕ್ಕೆ ಸರಿಯಿದೆ ಎಂಬ ಕಾಗದಕ್ಕೆ ಸಹಿ ಹಾಕುವ ಮೊದಲು ರೆಕ್ಕೆಯ ಉದ್ದಕ್ಕೂ ದುಡ್ಡಿನ ಅಂಚಿನಿಂದ ಬಡಿಯುತ್ತ ಬಂದೆ. ಹೊಸ ಗಡಿಗೆಯನ್ನು ಬಡಿದು ಕೊಳ್ಳುತ್ತೇವಲ್ಲ, ಹಾಗೆ. ಎಲ್ಲ ಕಡೆ ಒಂದೇ ಸದ್ದು. ನಡುವೆ ಒಂದು ಕಡೆ ಮಾತ್ರ ಮಂದ. ಮತ್ತೆ ಬಡಿದೆ, ಮತ್ತೆ ಮಂದ. ಅಂಟು ಬಿಟ್ಟರೂ ಹಾಗೆ ಸದ್ದು ಬರುತ್ತದೆ.

ಕೊಯ್ದು ನೋಡಬೇಕೆಂದೆ. ಸಾಹೇಬರು ಪೆಂಡಾಲಿನಲ್ಲಿ ಕೂತ ದೊಡ್ಡ ಮಂದಿಯನ್ನು ತೋರಿಸಿ, "ಕೊಯ್ದರೆ ಇವತ್ತಿನ ಹಾರಾಟವೂ ಇಲ್ಲ, ಶಾಲೆಯೂ ಇಲ್ಲ, ನಿನ್ನ ಗೆಳೆಯನಿಗೆ ಕೆಲಸವೂ ಇಲ್ಲ" ಎಂದರು. ನೀನು ನನ್ನ ಹೆಗಲ ಮೇಲೆ ಕೈಯಿಟ್ಟೆ. "ನಾ ಹಾರ್ತೇನಿ. ನೀ ಸಹಿ ಮಾಡಪಾ" ಎಂದೆ. ಎರಡನೆಯ ಸಲ ಹೇಳುವಾಗ ನಿನ್ನ ದನಿ ಬೇರೆಯಾಗಿತ್ತು.

ನಾನು ಗರಗಸ ತೆಗೆದುಕೊಂಡೆ.

ಒಳಗೆ ಏನಿತ್ತೆಂದು ನಿನಗೆ ಗೊತ್ತಿದೆ. ಅಂಟು ಕೂದಲೆಳೆಯಷ್ಟೂ ಬಿಟ್ಟಿರಲಿಲ್ಲ. ಮುರಗೆಪ್ಪ ನಿನ್ನ ಮೇಲಿನ ಅಕ್ಕರೆಗೆ, "ನಮ್ಮ ಕಡೆ ಹುಡುಗ ಹಾರಾಂವ" ಎಂದು, ನಕ್ಷೆಯಲ್ಲಿಲ್ಲದ ಒಂದು ತುಂಡು ಕಟ್ಟಿಗೆಯನ್ನು ಹೆಚ್ಚಿನ ಬಲಕ್ಕಿರಲಿ ಎಂದು ಅಲ್ಲಿ ಕೂರಿಸಿದ್ದ. ಸದ್ದು ಮಂದವಾದದ್ದು ಅದಕ್ಕೆ. ಗಟ್ಟಿಯಾದ ರೆಕ್ಕೆಯನ್ನು ನಾನು ಹಾಳು ಮಾಡಿದೆ. ಜನ ನಕ್ಕರು. ನೀನು ನಗಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಛಲೋ ಇತ್ತು.

ಧರ್ಯಾ, ನನಗೆ ಬೇರೆ ದಾರಿ ಕಾಣಲಿಲ್ಲ. ಒಂದು ಸಾಲು ಬರೆ.

ಭೂಪಾಲ

•

ಪುಣೆ
೨೧ ಏಪ್ರಿಲ್ ೧೯೪೭

ಧರೆಪ್ಪಾ,

ಇದು ಎಷ್ಟನೆಯ ಪತ್ರವೋ. ಸಾಹೇಬರು ನನ್ನನ್ನು ತೆಗೆದುಹಾಕಲಿಲ್ಲ, ಕುರ್ಚಿ ಬೆಂಚುಗಳ ನಕ್ಷೆ ಬರೆಯಲು ಕೂರಿಸಿದ್ದಾರೆ. ಕೊಯ್ದ ರೆಕ್ಕೆ ಮೂಲೆಯಲ್ಲಿ ಬಿದ್ದಿದೆ. ಮುರಗೆಪ್ಪ ಅದರ ಮೇಲೆ ಗೋಣಿತಾಟು ಹೊದಿಸಿದ್ದಾನೆ. ದಾಟಿ ಹೋಗುವಾಗ ಇಬ್ಬರೂ ಆ ಕಡೆ ನೋಡುವುದಿಲ್ಲ.

ಸಿದ್ದಕ್ಕ ಹೇಗಿದ್ದಾಳೆ ಎಂದಾದರೂ ತಿಳಿಸು.

ಭೂಪಾಲ

•

ರನ್ನ ಬೆಳಗಲಿ
೧೮ ಜೂನ್ ೧೯೪೭

ಭೂಪಾಲಣ್ಣಗ ಸಿದ್ದಕ್ಕನ ಶರಣು.

ನಾ ಹೇಳಾಕತ್ತೇನಿ, ಸಾಲಿ ಮಾಸ್ತರ ಯಮನಪ್ಪನವರು ಬರ್ಯಾಕತ್ತಾರ. ಹೇಳಿದ್ದ ಹೇಳಿದಂಗ ಬರೀರಿ ಅಂದೇನಿ. ನನಗ ಹೆಣ್ಣ ಕೂಸ ಆಗೇತಿ. ಇಬ್ಬರೂ ಆರಾಮ ಅದೀವಿ. ಹೆಸರ ಮಾಯವ್ವ.

ನಿಮ್ಮ ಪತ್ರ ಎಲ್ಲಾ ಬಂದಾವ್ರಿ. ಇವರು ಒಡದ ನೋಡಿಲ್ಲ, ಹರದೂ ಒಗದಿಲ್ಲ. ಜಂತಿಗೆ ಸಿಗಿಸಿ ಇಟ್ಟಿದ್ರು. ಇವರು ಕುರಿ ತಗೊಂಡ ಬಿಳಗಿ ಕಡೆ ಹ್ವಾದ ಮ್ಯಾಲ ಮಾಸ್ತರ ಕಡೆ ಓದಿಸೇನಿ. ಸಿಟ್ಟ ಆದ್ರ ಆಗಲಿ.

ಆವತ್ತ ಗುಡ್ಡದ ಮ್ಯಾಲ ನಾ ಹೆಂಗಸರ ಕೂಡ ನಿಂತಿದ್ನಿ. ನೀವು ಗರಗಸ ಹಚ್ಚಿದಾಗ ಎಲ್ಲಾರೂ ಅಯ್ಯ ಅಯ್ಯ ಅಂದ್ರು. ನಾ ಮಾತ್ರ ಕೆಳಗ ಕುಂತ ಉಸರ ಬಿಟ್ನಿ. ಖರೆ ಹೇಳತೇನಣ್ಣಾ, ಒಳಗ ಛಲೋ ಇತ್ತಂದಾಗ ನನಗ ನಾಚಿಕಿ ಆಗಲಿಲ್ಲ. ಛಲೋ ಇತ್ತು ಅನ್ನೂದರ ಗೊತ್ತಾತಲ್ಲ.

ಆದರ ಇವರು ಮೊದಲಿನ ಧರೆಪ್ಪ ಉಳದಿಲ್ರಿ. ಕೂಸಿನ ಎತ್ತಗೋತಾರ, ನಗತಾರ, ಆಮ್ಯಾಲ ಹೊರಗ ಹೋಗಿ ಮುಗಲ ನೋಡಕೋತ ಕುಂದರತಾರ. ಹಗ್ಗ ಹಾಕಿ ಕಟ್ಟಿ ಇಟ್ಟಕೊಳ್ಳಾಕ ನನಗೇನ ಆಸೆ ಇಲ್ಲ. ಹಾರಲಿ. ಹಾರಿ ತಿರಗಿ ಮನಿಗಿ ಬರಲಿ, ಅಷ್ಟ ನಂದು.

ನೀವು ಕಲತವರು. ಒಡೀದ ಒಳಗ ನೋಡಾಕ ಬರೂವಂಗ ಒಂದ ರೆಕ್ಕಿ ಮಾಡಾಕ ಆಗಂಗಿಲ್ಲೇನ್ರಿ? ಆಗೂದಿಲ್ಲಂದ್ರ ಆಗೂದಿಲ್ಲ ಅಂತ ಬರೀರಿ. ನಾ ಆಸೆ ಬಿಡತೇನಿ.

ಸಿದ್ದಕ್ಕ

•

ಪುಣೆ
೩೦ ಆಗಸ್ಟ್ ೧೯೪೭

ತಂಗಿ ಸಿದ್ದಕ್ಕನಿಗೆ, ಮಾಯವ್ವನಿಗೆ, ಕೇಳಿಸಿಕೊಳ್ಳುವ ಮನಸ್ಸಿದ್ದರೆ ಧರೆಪ್ಪನಿಗೂ,

ಉತ್ತರ ತಡವಾಯಿತು. "ಆಗುತ್ತದೆ" ಎಂದು ಬರೆಯಲು ಧೈರ್ಯ ಬರುವ ತನಕ ಕಾದೆ. ಆಗುತ್ತದೆ.

ಮಳೆಗಾಲದಲ್ಲಿ ಒಂದು ದಿನ ಮುರಗೆಪ್ಪನೂ ನಾನೂ ಗೋಣಿತಾಟು ತೆಗೆದು ಆ ರೆಕ್ಕೆಯ ಮುಂದೆ ಕೂತೆವು. ನಾನು ಮೊದಲಿಂದಲೂ ಮಾಡಿದ್ದು ಏನು? ರೆಕ್ಕೆಯನ್ನು ಮೊದಲು ಮಾಡಿ, ಆಮೇಲೆ ಅದಕ್ಕೆ ಕಿಂಡಿ ಎಲ್ಲಿ ಕೊರೆಯಲಿ ಎಂದು ಹುಡುಕಿದ್ದು. ಅದಕ್ಕೇ ಭಾರ ಹೆಚ್ಚುತ್ತಿತ್ತು. ನೋಡುವುದನ್ನೇ ಮೊದಲು ಇಟ್ಟುಕೊಂಡು ರೆಕ್ಕೆ ಮಾಡಿದರೆ?

ಒಳಗಿನ ಪಕ್ಕೆಲುಬುಗಳಿಗೆ ಭಾರ ಇಳಿಸಲೆಂದು ನಾವು ಹೇಗೂ ತೂತು ಹಾಕುತ್ತೇವೆ. ಇಲ್ಲಿಯವರೆಗೆ ಒಂದೊಂದಕ್ಕೆ ಒಂದೊಂದು ಕಡೆ ಹಾಕುತ್ತಿದ್ದೆವು. ಹೊಸ ನಕ್ಷೆಯಲ್ಲಿ ಎಲ್ಲ ತೂತುಗಳನ್ನೂ ಒಂದೇ ಸಾಲಿಗೆ ತಂದೆ. ತೇರದಾಳದ ನಮ್ಮ ಮನೆಯಲ್ಲಿ ಬೀದಿ ಬಾಗಿಲಲ್ಲಿ ನಿಂತರೆ ನಡುಮನೆ, ಅಡುಗೆಮನೆ ದಾಟಿ ಹಿತ್ತಲ ಬಾವಿಯ ನೀರು ಸೇದುವ ಗಡಗಡಿ ಕಾಣುತ್ತದೆ, ಧರೆಪ್ಪನಿಗೆ ಗೊತ್ತು. ಹಾಗೆಯೇ ರೆಕ್ಕೆಯ ಬುಡದಲ್ಲಿ ಬ್ಯಾಟರಿ ಹಿಡಿದರೆ ತುದಿಯವರೆಗೆ ಬೆಳಕು ಹೋಗುತ್ತದೆ. ಕೋಲಿಗೆ ಪುಟ್ಟ ಕನ್ನಡಿ ಕಟ್ಟಿ ಒಳಗೆ ಬಿಟ್ಟರೆ ಅಂಟು ಹಾಕಿದ ಒಂದೊಂದು ಗೆರೆಯೂ ಕಾಣುತ್ತದೆ. ಕಣ್ಣು ತಲುಪದ ಕಡೆ ಜೋಡಣೆಯನ್ನೇ ಇಟ್ಟಿಲ್ಲ. ಹೊರಗೆ ಕಿಂಡಿ ಬೇಕಾದದ್ದು ಕೆಲವೇ ಕಡೆ, ಅದೂ ರೆಕ್ಕೆಯ ಅಡಿಯಲ್ಲಿ. ಭಾರ ಇಳಿಸುವ ತೂತೇ ನೋಡುವ ದಾರಿಯೂ ಆಯಿತು. ತೂಗಿದರೆ ಹಳೆಯ ರೆಕ್ಕೆಗಿಂತ ಹೊಸದೇ ಒಂದು ಕೈ ಹಗುರ ಬರುವ ಲೆಕ್ಕ!

ಸಾಹೇಬರು ಈ ಸಲ ನಗಲಿಲ್ಲ. ಕುರ್ಚಿಯ ನಕ್ಷೆ ಬೇರೆಯವನಿಗೆ ಕೊಟ್ಟರು.

ಧರ್ಯಾ, ಇದು ನಿನಗೆ, ನಕ್ಷೆಯ ಪ್ರತಿಯೂ ಇದರೊಳಗಿದೆ. ಹಾರಿಸುವವನು ಇನ್ನೂ ನೀನೇ ಎಂದು ಸಾಹೇಬರ ಬಾಯಿಂದ ಹೇಳಿಸಿದ್ದೇನೆ. ಬರುತ್ತೀಯೋ ಇಲ್ಲವೋ ನಿನಗೆ ಬಿಟ್ಟದ್ದು.

ಭೂಪಾಲ

•

ರನ್ನ ಬೆಳಗಲಿ
೪ ನವೆಂಬರ್ ೧೯೪೭

ಭೂಪಾಲ,

ನಿನ್ನ ಪತ್ರವನ್ನು ಸಿದ್ದಕ್ಕ ನನ್ನ ತಾಟಿನ ಪಕ್ಕ ಇಟ್ಟು, ಓದುವ ತನಕ ರೊಟ್ಟಿ ಬಡಿಸುವುದಿಲ್ಲ ಎಂದಳು. ಅದಕ್ಕೆ ಓದಿದೆ.

ನನ್ನ ಸಿಟ್ಟು ಯಾತಕ್ಕೆಂದು ನಿನಗೆ ಈಗಲೂ ತಿಳಿದಿಲ್ಲ. ರೆಕ್ಕೆ ಹೋಯಿತೆಂದಲ್ಲ. ಕೆಲಸ ಹೋಯಿತೆಂದೂ ಅಲ್ಲ, ಅದೂ ಇದೆ ಬಿಡು. ಆ ದಿನ ನನ್ನ ಜೀವದ ಮಾತು ನಡೆದಿತ್ತು. ಸಾಹೇಬರು ಹಾರು ಎಂದರು, ನೀನು ಬೇಡ ಎಂದೆ. ನಾನು ಅಷ್ಟು ಜನರ ನಡುವೆ ನಿಂತೇ ಇದ್ದೆ. ನನ್ನ ಮಾತು ಯಾರಿಗೆ ಬೇಕಿತ್ತು? ಮದುವೆಯಲ್ಲಿ ಕುರಿಯನ್ನು ಕೇಳುತ್ತಾರೆಯೇ? ನೀನು ಗೆಳೆಯ, ನೀನಾದರೂ "ಧರ್ಯಾ, ಬಾ, ನೀನೂ ಬಡಿದು ನೋಡು, ನೀನೇ ಹೇಳು" ಎನ್ನಬಹುದಿತ್ತು. ವಿಮಾನದ ಮೈ ಮುಟ್ಟಿ ನೋಡಿ ಗೊತ್ತಿದ್ದವನು ನಾನು. ನೀನು ಗರಗಸ ಎತ್ತಿಕೊಂಡೆ. ನೀನು ನನ್ನನ್ನು ಉಳಿಸಿದೆಯೋ ಕೆಡಿಸಿದೆಯೋ, ಎರಡರಲ್ಲೂ ನಾನು ಇರಲಿಲ್ಲ.

ಇಷ್ಟು ತಿಂಗಳು ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ. ಬರೆದ ಮೇಲೆ ಸ್ವಲ್ಪ ಹಗುರ.

ನಿನ್ನ ನಕ್ಷೆ ನೋಡಿದೆ. ಬುಡದ ಹತ್ತಿರದ ಮುಚ್ಚಳ ಗಾಳಿಗೆ ಎದ್ದು ಹೋಗುವುದಿಲ್ಲವೇ? ಅದರ ಬಾಯಿ ಹಿಂದಕ್ಕೆ ತಿರುಗಿಸು.

ಧರೆಪ್ಪ

•

ಪುಣೆ
೨೨ ಫೆಬ್ರುವರಿ ೧೯೪೮

ಧರ್ಯಾ,

ಮುಚ್ಚಳ ತಿರುಗಿಸಿದೆ. ನೀನು ಹೇಳಿದ್ದೇ ಸರಿ.

ಉಳಿದದ್ದೂ ನೀನು ಹೇಳಿದಂತೆಯೇ. ನಿನ್ನ ಜೀವ ಉಳಿಸುವ ಅವಸರದಲ್ಲಿ ನಿನ್ನ ಕಡೆ ತಿರುಗಿಯೂ ನೋಡಲಿಲ್ಲ.

ಗ್ಲೈಡರ್ ಸಿದ್ಧವಿದೆ. ಮುಂದಿನ ತಿಂಗಳು ಹಾರಾಟ. ಸಾಹೇಬರ ಜೊತೆ ಜಗಳಾಡಿ ಒಂದು ಪದ್ಧತಿ ಬದಲಿಸಿದ್ದೇನೆ. ರೆಕ್ಕೆ ಸರಿಯಿದೆ ಎಂಬ ಸಹಿ ಇನ್ನು ನನ್ನದಲ್ಲ, ಹಾರುವವನದು. ಮುಚ್ಚಳ ತೆಗೆದು ನೋಡುವವನು ನೀನು, ಹೂಂ ಎನ್ನುವವನೂ ಊಹೂಂ ಎನ್ನುವವನೂ ನೀನು. ನಾನು ಆ ದಿನ ಅಲ್ಲಿ ಇರುವುದಿಲ್ಲ, ತೇರದಾಳಕ್ಕೆ ಹೋಗುತ್ತೇನೆ. ನಾನಿದ್ದರೆ ನೀನು ನನ್ನ ಮುಖ ನೋಡುತ್ತೀ, ರೆಕ್ಕೆ ನೋಡುವುದಿಲ್ಲ.

ತೊಲೆ ಬುಡದಲ್ಲಿ ಸೇರುವ ಜೋಡಣೆಯೊಂದನ್ನು ಹಟ ಹಿಡಿದು ನನ್ನ ಕೈಯಿಂದಲೇ ಮಾಡಿದೆ. ರೆಕ್ಕೆಯ ಭಾರವೆಲ್ಲ ಬೀಳುವುದು ಅದರ ಮೇಲೆ. ಮಿಕ್ಕವನ್ನೆಲ್ಲ ಮುರಗೆಪ್ಪನೂ ನಾನೂ ಕನ್ನಡಿ ಹಿಡಿದು ನೋಡಿದ್ದೇವೆ. ನನ್ನದನ್ನು ನಾನೇ ನೋಡಿಕೊಂಡರೆ ಏನು ಬಂತು? ಅದನ್ನು ನೀನು ನೋಡು.

ಭೂಪಾಲ

•

ಪುಣೆ
೨೧ ಮಾರ್ಚ್ ೧೯೪೮

ಭೂಪ್ಯಾ,

ನಮ್ಮ ಕಡೆಯ ಸಂಸ್ಥಾನಗಳೆಲ್ಲ ಮುಂಬಯಿ ಸರ್ಕಾರಕ್ಕೆ ಸೇರಿಹೋದವೆಂದು ಇಲ್ಲಿ ಪತ್ರಿಕೆಯಲ್ಲಿ ಬಂದಿದೆ. ನನ್ನದೊಂದು ಸಂಸ್ಥಾನ, ನಿನ್ನದೊಂದು ಸಂಸ್ಥಾನ ಎಂದು ಶಾಲೆಯಲ್ಲಿ ಕಾದಾಡುತ್ತಿದ್ದೆವು, ಇನ್ನು ಕಾದಾಡಲು ಗಡಿಯೂ ಇಲ್ಲ.

ಹಾರಾಟದ ಸುದ್ದಿಗೆ ನೀನು ಅಲ್ಲಿ ಉಗುರು ಕಚ್ಚುತ್ತ ಕೂತಿರುತ್ತೀ. ಕೂತಿರು. ಕ್ರಮವಾಗಿ ಹೇಳುತ್ತೇನೆ.

ಪೆಂಡಾಲು, ಕುರ್ಚಿ, ದೊಡ್ಡ ಮಂದಿ, ಎಲ್ಲ ಹೋದ ಸಲದಂತೆಯೇ. ಸಿದ್ದಕ್ಕ ಕೂಸನ್ನು ಎತ್ತಿಕೊಂಡು ಮುಂದೆಯೇ ನಿಂತಿದ್ದಳು. ಹಗ್ಗ ಜಗ್ಗುವವರು ತೋಳು ಮಡಿಸಿಕೊಂಡು ತಯಾರಿದ್ದರು. ಖರೆ ಹೇಳಬೇಕೆಂದರೆ, ಮುಚ್ಚಳ ತೆಗೆದದ್ದು ನಿನ್ನ ಮಾತು ಉಳಿಸಲಿಕ್ಕೆ, ನೋಡಲಿಕ್ಕಲ್ಲ. ಒಂದೊಂದಾಗಿ ತೆಗೆದೆ, ಕನ್ನಡಿ ಬಿಟ್ಟೆ, ಅಂಟಿನ ಗೆರೆ ಎಲ್ಲ ಕಡೆ ತುಂಬಿ ಹೊರಗೆ ಉಕ್ಕಿತ್ತು, ಅಂದರೆ ಗಟ್ಟಿ ಹಿಡಿದಿದೆ. ನಿನ್ನ ಜೋಡಣೆಯನ್ನು ಕೊನೆಗೆ ಇಟ್ಟುಕೊಂಡೆ. ಅದನ್ನು ನೋಡುವುದೇನು ಎಂದು ಮುಚ್ಚಳ ಹಾಕಲೂ ಹೊರಟಿದ್ದೆ. ಮುರಗೆಪ್ಪ ಆ ಕಡೆಯಿಂದ ಬ್ಯಾಟರಿ ಹಿಡಿದಿದ್ದ. ಜೋಡಣೆಯ ನಡುವೆ ಬೆಳಕಿನ ಒಂದು ಎಳೆ ಕಂಡಿತು.

ಕಾಗದದ ಚೂರು ಹಾಕಿ ನೋಡಿದೆ. ಬೆರಳುದ್ದ ಒಳಗೆ ಹೋಯಿತು.

ಮುರಗೆಪ್ಪ ಬ್ಯಾಟರಿ ಕೆಳಗಿಟ್ಟು ಈ ಕಡೆ ಬಂದು ನೋಡಿದ. "ಭೂಪಾಲ ಸಾಹೇಬ್ರು ಸಂಜಿಮುಂದ ಬಿಗಿದು ಊಟಕ್ಕ ಹ್ವಾದ್ರು. ಕಟಗಿ ಕುಂತ ಮ್ಯಾಲ ಮತ್ತೊಮ್ಮಿ ಬಿಗೀಬೇಕಿತ್ತು. ಹೇಳಿಲ್ಲ ಅವರು, ಮರತಿರಬೇಕು. ಅವರ ಕೈಲೆ ಮಾಡಿದ್ದಕ್ಕ ನಾ ಹ್ಯಾಂಗ ಕೈ ಹಚ್ಚಲಿ?" ಎಂದ. ಒಬ್ಬನಿಗೆ ಹೊತ್ತು ಮುಳುಗುವ ಚಿಂತೆ, ಇನ್ನೊಬ್ಬನಿಗೆ ಮರ್ಯಾದೆಯ ಚಿಂತೆ. ನಿಮ್ಮಿಬ್ಬರನ್ನೂ ಒಂದೇ ಹಗ್ಗಕ್ಕೆ ಕಟ್ಟಬೇಕು!

ಪೆಂಡಾಲಿಗೆ ಹೋಗಿ "ಇವತ್ತ ಹಾರೂದಿಲ್ರಿ" ಎಂದೆ. ಹಿಂದಿನಿಂದ ಯಾರೋ "ಪೈಲಟನಿಗೆ ಅಂಜಿಕೆ ಬಂತು" ಎಂದರು, ಜನ ನಕ್ಕ ಸದ್ದು ಕೇಳಿಸಿತು. ಹೋದ ವರ್ಷ ಗರಗಸ ಹಿಡಿದು ನೀನು ನಿಂತ ಜಾಗದಲ್ಲೇ ನಿಂತಿದ್ದೆ, ಭೂಪ್ಯಾ. ಅಲ್ಲಿ ನಿಲ್ಲುವುದು ಸುಲಭವಲ್ಲ.

ಸಾಹೇಬರು ಬಂದು ತಾವೇ ಕಣ್ಣು ಹಾಕಿ ನೋಡಿದರು. ನನ್ನ ಕೈ ಹಿಡಿದುಕೊಂಡರು. ಅದೇ ಕಿಂಡಿಯಿಂದ ಕೈ ಬಿಟ್ಟು ಮುರಗೆಪ್ಪ ಜೋಡಣೆ ಬಿಚ್ಚಿ, ಕೆರೆದು, ಹೊಸ ಅಂಟು ಹಾಕಿ ಬಿಗಿದ. ರೆಕ್ಕೆಗೆ ಗರಗಸ ಮುಟ್ಟಲಿಲ್ಲ. ಒಣಗಿದ ಮೇಲೆ ಮತ್ತೆ ನೋಡಿದೆ, ಸಹಿ ಹಾಕಿದೆ, ಏರಿ ಕೂತೆ. ಈ ಸಲ ಪೆಂಡಾಲೂ ಇರಲಿಲ್ಲ, ದೊಡ್ಡ ಮಂದಿಯೂ ಇರಲಿಲ್ಲ. ಹಗ್ಗ ಜಗ್ಗಿದರು, ಗುಡ್ಡದ ಅಂಚು ದಾಟಿತು, ಕೆಳಗಿನಿಂದ ಗಾಳಿ ಬಂದು ಎತ್ತಿತು. ಮೇಲೆ ಸದ್ದೇ ಇಲ್ಲ. ಅಷ್ಟೆತ್ತರದಲ್ಲಿ ಒಬ್ಬನೇ ಕೂತು ನಾನು ಅತ್ತೆ. ಯಾರಿಗೂ ಹೇಳಬೇಡ.

ಹಾರಾಟದ ಶಾಲೆ ಜೂನಿನಿಂದ. ಮನೆಯ ಬೀಗದಕೈ ಸಿದ್ದಕ್ಕನ ಸೆರಗಿನಲ್ಲಿದೆ. ನೀನು ಹಿಂತಿರುಗಿದರೆ ಊಟ ನಮ್ಮಲ್ಲೇ, ಹೊತ್ತು ಮುಳುಗುವ ಮೊದಲು ಬಡಿಸುತ್ತಾಳಂತೆ. ಬಿಗಿಯುವ ಕೆಲಸ ಮಾತ್ರ ಇನ್ನು ಮೇಲೆ ಬೆಳಿಗ್ಗೆ ಮಾಡು ಮಾರಾಯ.

ಒಂದು ಮಾತು ಉಳಿದಿದೆ. ಹೋದ ವರ್ಷ ನೀನು ಕೊಯ್ದ ರೆಕ್ಕೆ ಗಟ್ಟಿಯಿತ್ತು. ಅವತ್ತು ಹಾರಿದ್ದರೆ ನನಗೇನೂ ಆಗುತ್ತಿರಲಿಲ್ಲ. ಆದರೆ ಆಮೇಲೆ ನಾನು ಯಾವ ರೆಕ್ಕೆಯೊಳಗೂ ಕಣ್ಣು ಹಾಕುತ್ತಿರಲಿಲ್ಲ, ನೀನೂ ಕಿಂಡಿಯ ಆಸೆ ಬಿಟ್ಟಿರುತ್ತಿದ್ದೆ. ನಿನ್ನ ಕೈಯದು ಎಂದ ಮೇಲೆ ಮುಗಿಯಿತು ಎಂದು ಏರಿ ಕೂತುಬಿಡುತ್ತಿದ್ದೆ. ಈ ಸಲ ತಪ್ಪಿದ್ದು ನಿನ್ನ ಕೈಯೇ.

ಇದನ್ನು ಸಿದ್ದಕ್ಕನಿಗೆ ಓದಿ ಹೇಳಿದೆ. ಮಾಯವ್ವನನ್ನು ತಂದು ನನ್ನ ತೊಡೆಯ ಮೇಲೆ ಕೂರಿಸಿ ಒಳಗೆ ಹೋದಳು. ಕೂಸು ಲೆಕ್ಕಣಿಕೆಗೆ ಕೈ ಹಾಕುತ್ತಿದೆ. ಒಂದು ಕೈಯಿಂದ ಅವಳನ್ನು ಹಿಡಿದುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾಗಿದ್ದರೆ ಅವಳನ್ನು ಬೈಯಿ.

ನಿನ್ನ ಧರ್ಯಾ